ಉಪದೇಶಿ ಮಾತಾಡದ ಮೂರು ತಿಂಗಳು

“ಅಯ್ಯನವರೇ, ಮಕ್ಕಳು ಸಭೆಯಲ್ಲಿ ಉಳಿಯಬೇಕಾದರೆ ನಾನು ಅವರಿಗೆ ಇನ್ನು ಏನು ಕೊಡಬೇಕು?” ಎಂದು ಜಯವಂತ ಕೇಳಿದ.

ಅವನು ಸಭಾಪಾಲಕನಾಗಿ ಮೂರು ವರ್ಷವಾಗಿತ್ತು. ಅವನಿಗೆ ಪಾಠ ಹೇಳಿದ ಸೀಮೋನಪ್ಪನವರು ಈಗ ನಿವೃತ್ತರಾಗಿ ಮನೆಯಲ್ಲಿದ್ದರು. ದಣಿವಾದಾಗಲೆಲ್ಲ ಅವನು ಅವರ ಬಳಿ ಬಂದು ಕುಳಿತುಕೊಳ್ಳುತ್ತಿದ್ದ.

“ಗಿಟಾರ್ ತಂದೆ. ಪ್ರವಾಸಕ್ಕೆ ಕರೆದುಕೊಂಡು ಹೋದೆ. ಬೇಸಿಗೆ ರಜೆಯಲ್ಲಿ ಹತ್ತು ದಿನ ಶಿಬಿರ ನಡೆಸಿದೆ. ಅರವತ್ತು ಮಕ್ಕಳು ಬಂದಿದ್ದರು. ಮುಂದಿನ ಭಾನುವಾರ ನೋಡಿದರೆ ನಾಲ್ವರು. ದೊಡ್ಡ ಮಕ್ಕಳಂತೂ ದೃಢೀಕರಣವಾಗಿ ಸಭೆಯ ಪೂರ್ಣ ಸದಸ್ಯರಾಗುವ ತನಕ ಬರುತ್ತಾರೆ, ಆದ ಮರುವಾರದಿಂದ ಮುಖ ತೋರಿಸುವುದಿಲ್ಲ. ಕೊಡುವುದಕ್ಕೆ ನನ್ನಲ್ಲಿ ಇನ್ನೇನೂ ಉಳಿದಿಲ್ಲ.”

ಸೀಮೋನಪ್ಪನವರು ಅವನಿಗೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಉಪದೇಶಿ ಇದ್ದ. ಊರು ಸಣ್ಣದು, ಸಭೆಯೂ ಸಣ್ಣದು. ಸಭಾಪಾಲಕರು ತಿಂಗಳಿಗೆ ಒಂದು ಭಾನುವಾರ ಪಟ್ಟಣದಿಂದ ಬಂದು ಪವಿತ್ರ ಸಂಸ್ಕಾರ ನಡೆಸಿ ಹೋಗುತ್ತಿದ್ದರು. ಉಳಿದದ್ದೆಲ್ಲ ಉಪದೇಶಿಯದೇ ಕೆಲಸ. ದೇವಾಲಯದ ಬಾಗಿಲು ತೆಗೆಯುವವನು ಅವನು, ಗುಡಿಸುವವನು ಅವನು, ಚಾಪೆ ಹಾಸುವವನು ಅವನು. ಗಂಟೆ ಹೊಡೆದು, ಹಾಡು ಎತ್ತಿಕೊಟ್ಟು, ವೇದಪಾಠ ಓದಿ, ಪ್ರಸಂಗ ಮಾಡಿ, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥಿಸಿ ಬರುವವನೂ ಅವನೇ. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು.

ಅವನು ಒಳ್ಳೆಯ ಮನುಷ್ಯ. ಒಂದು ಭಾನುವಾರವೂ ತಪ್ಪಿಸಿದವನಲ್ಲ. ಆದರೆ ದಣಿದಿದ್ದ. ದಣಿದಿದ್ದೇನೆ ಎಂದು ಹೇಳಿಕೊಳ್ಳುವುದಕ್ಕೂ ಅವನಿಗೆ ಬಿಡುವಿರಲಿಲ್ಲ.

ಸಭೆಯಲ್ಲಿ ಇಪ್ಪತ್ತರಷ್ಟು ಮಕ್ಕಳಿದ್ದರು. ಉಪದೇಶಿಗೆ ಅವರ ಮೇಲೆ ಪ್ರೀತಿ ಇತ್ತು. ಕ್ರಿಸ್ಮಸ್ಸಿಗೆ ಮಿಠಾಯಿ ಹಂಚುತ್ತಿದ್ದ. ವಾಕ್ಯ ಬಾಯಿಪಾಠ ಮಾಡಿದವರಿಗೆ ಬಹುಮಾನ ಕೊಡುತ್ತಿದ್ದ. ಮಕ್ಕಳು ಹಿಂದಿನ ಚಾಪೆಯಲ್ಲಿ ಕುಳಿತು ಪಿಸುಗುಡುತ್ತಿದ್ದರು, ಒಬ್ಬರನ್ನೊಬ್ಬರು ಚಿವುಟುತ್ತಿದ್ದರು, ಪ್ರಸಂಗ ಉದ್ದವಾದರೆ ನಿದ್ದೆ ಹೋಗುತ್ತಿದ್ದರು. ಅವರ ನಡುವೆ ಸಲೋಮಿ ಎಂಬ ಹದಿನಾಲ್ಕು ವರ್ಷದ ಹುಡುಗಿ ಇದ್ದಳು. ಒಂದು ಸಲ ಅವಳು ಬಂದು, “ಉಪದೇಶಿಗಳೇ, ಮುಂದಿನ ವಾರ ಪಾಠ ನಾನು ಓದಲೇ?” ಎಂದು ಕೇಳಿದ್ದಳು. ಅವನು ನಕ್ಕು, “ದೊಡ್ಡವಳಾಗು ಮಗಳೇ, ಆಗ ಓದುವೆಯಂತೆ. ಸಭೆಯ ಮುಂದೆ ತಪ್ಪಾದರೆ ಚೆನ್ನಾಗಿರುವುದಿಲ್ಲ” ಎಂದಿದ್ದ. ಅವಳು ಮತ್ತೆ ಕೇಳಲಿಲ್ಲ.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಉಪದೇಶಿಯ ದನಿ ಒಡೆಯಿತು. ಮೊದಮೊದಲು ನೆಗಡಿ ಎಂದುಕೊಂಡ. ಕಷಾಯ ಕುಡಿದ, ಕಲ್ಲುಸಕ್ಕರೆ ಚೀಪಿದ. ದನಿ ಸರಿಯಾಗಲಿಲ್ಲ. ಪಟ್ಟಣದ ಡಾಕ್ಟರು ನೋಡಿ, ಗಂಟಲೊಳಗೆ ಗಂಟು ಇದೆ ಎಂದು ಹೇಳಿ ಅದನ್ನು ತೆಗೆದರು. ತೆಗೆದ ಮೇಲೆ ಹೇಳಿದರು: “ಮೂರು ತಿಂಗಳು ಒಂದು ಮಾತೂ ಆಡಕೂಡದು. ಪಿಸುಮಾತೂ ಬೇಡ. ಆಡಿದರೆ ಇರುವ ದನಿಯೂ ಹೋಗುತ್ತದೆ.”

ಸಭೆಯ ಹಿರಿಯರು ಮೂವರು ಸೇರಿ ಯೋಚಿಸಿದರು. ಒಬ್ಬರಿಗೆ ಕಣ್ಣು ಕಾಣುವುದಿಲ್ಲ. ಒಬ್ಬರಿಗೆ ಭಾನುವಾರವೇ ಅಂಗಡಿಯಲ್ಲಿ ಜನ. ಇನ್ನೊಬ್ಬರು, “ಅದು ಉಪದೇಶಿಯ ಕೆಲಸ, ನನ್ನಿಂದ ಆಗುವುದಲ್ಲ” ಎಂದರು. ಕೊನೆಗೆ, ಸಭಾಪಾಲಕರು ಬರುವ ಭಾನುವಾರ ಮಾತ್ರ ಆರಾಧನೆ ಸಾಕು, ಉಳಿದ ವಾರ ಬೀಗ ಇರಲಿ ಎಂದು ಮೂವರೂ ಒಪ್ಪಿದರು.

ಉಪದೇಶಿಗೆ ಅದು ಒಪ್ಪಿಗೆಯಾಗಲಿಲ್ಲ. ಬೇಡ ಎನ್ನಲು ಬಾಯಿ ಇಲ್ಲ. ಭಾನುವಾರ ಬೆಳಿಗ್ಗೆ ಎಂದಿನಂತೆ ಎದ್ದು ಹೋಗಿ ಬಾಗಿಲು ತೆಗೆದ. ಗುಡಿಸಿ, ಚಾಪೆ ಹಾಸಿ, ಗಂಟೆ ಹೊಡೆದ. ಗಂಟೆ ಹೊಡೆಯಲು ದನಿ ಬೇಕಿರಲಿಲ್ಲವಲ್ಲ.

ಗಂಟೆ ಕೇಳಿ ಜನ ಬಂದರು. ಬಂದು ಕುಳಿತರು. ಉಪದೇಶಿ ಹಾಡಿನ ಪುಸ್ತಕ ಬಿಡಿಸಿ ಮುಂದೆ ನಿಂತ. ಮುಂದೇನು ಎಂದು ಅವನಿಗೂ ತಿಳಿಯಲಿಲ್ಲ. ಜನ ಅವನ ಮುಖ ನೋಡಿದರು, ಅವನು ಜನರ ಮುಖ ನೋಡಿದ. ಯಾರೂ ಬಾಯಿ ತೆಗೆಯಲಿಲ್ಲ. ಹಿರಿಯರೊಬ್ಬರು ಕೆಮ್ಮಿ ತಲೆ ತಗ್ಗಿಸಿದರು. ಅವನಿಗೆ ಅಳು ಬರುವಂತಾಯಿತು.

ಆಗ ಹಿಂದಿನ ಚಾಪೆಯಲ್ಲಿ ಸಲೋಮಿ ಎದ್ದು ನಿಂತು ಹಾಡು ಎತ್ತಿದಳು. ಎಲ್ಲರೂ ಎದ್ದು ನಿಂತರು.

ತೀರಾ ಮೇಲಿನ ಶ್ರುತಿಯಲ್ಲಿ ಎತ್ತಿದ್ದಳು. ಎರಡನೆಯ ಸಾಲಿಗೇ ಗಂಡಸರು ಕೈಬಿಟ್ಟರು. ಮೂರನೆಯ ಸಾಲಿಗೆ ಮುದುಕಿಯರಿಗೆ ಉಸಿರು ಸಾಲದಾಯಿತು. ಉಪದೇಶಿ, ಇಳಿಸು ಎಂದು ಕೈ ಕೆಳಗೆ ಮಾಡಿ ತೋರಿಸಿದ. ಅವಳು ಅದನ್ನು ಕುಳಿತುಕೊಳ್ಳಿ ಎಂದು ತಿಳಿದಳು. ತಾನೂ ಕುಳಿತಳು, ಎಲ್ಲರೂ ಕುಳಿತರು. ಹಾಡು ನಿಲ್ಲಲಿಲ್ಲ. ಮಕ್ಕಳೆಲ್ಲ ಅವಳ ಜೊತೆ ಸೇರಿ ಐದೂ ಚರಣಗಳನ್ನು ಕೂಗಿ ಮುಗಿಸಿದರು.

ಆಮೇಲೆ ಅವಳೇ ಎದ್ದು ಬಂದು ಪಾಠ ಓದಿದಳು. ಯಾವ ಪಾಠ ಎಂದು ಹೇಳುವವರಿರಲಿಲ್ಲ. ಬೈಬಲಿನಲ್ಲಿ ಗುರುತಿಗೆ ದಾರ ಇಟ್ಟಿದ್ದ ಪುಟ ತೆಗೆದಳು. ಅದು ಬರೀ ಹೆಸರುಗಳ ಅಧ್ಯಾಯ. ಇವನು ಅವನನ್ನು ಪಡೆದ, ಅವನು ಇನ್ನೊಬ್ಬನನ್ನು ಪಡೆದ. ಉಪದೇಶಿ ಸಾಕು ಎಂದು ಕಣ್ಣಲ್ಲೇ ಹೇಳಿದ. ಅವಳು ಒಂದು ಹೆಸರನ್ನೂ ಬಿಡಲಿಲ್ಲ. ನಾಲಿಗೆ ಹೊರಳದ ಕಡೆ ನಿಂತು, ಅಕ್ಷರ ಕೂಡಿಸಿ, ಮತ್ತೆ ಮುಂದುವರಿದಳು. ಚಿಕ್ಕ ಮಕ್ಕಳು ಹೆಸರುಗಳನ್ನು ಕೇಳಿ ನಕ್ಕರು.

ಮನೆಗೆ ಬಂದು ಉಪದೇಶಿ ಸ್ಲೇಟಿನ ಮೇಲೆ ಬರೆದು ಹೆಂಡತಿಗೆ ತೋರಿಸಿದ: “ಮಾನ ಹೋಯಿತು.”

ಹೆಂಡತಿ ಓದಿ, “ಇವತ್ತು ಒಬ್ಬರಾದರೂ ತೂಕಡಿಸಿದರೇನು? ನೆನಪು ಮಾಡಿಕೊಳ್ಳಿ” ಎಂದಳು.

ಮುಂದಿನ ಭಾನುವಾರ ಅವನು ಹೋಗುವ ಮೊದಲೇ ಬಾಗಿಲ ಬಳಿ ಏಳು ಮಕ್ಕಳಿದ್ದರು. ಅದರ ಮುಂದಿನ ವಾರ ಹನ್ನೊಂದು. ಎಂಟು ವರ್ಷದ ಒಬ್ಬ ಹುಡುಗ ಗಂಟೆಯ ಹಗ್ಗ ಹಿಡಿದ. ಅವನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರಲಿಲ್ಲ. ಎಲ್ಲಿಯೋ ಬೆಂಕಿ ಬಿದ್ದಿದೆ ಎಂದು ಬೇರೆ ಓಣಿಯವರು ಓಡಿ ಬಂದರು. ಮಕ್ಕಳೇ ಗುಡಿಸಿದರು, ಮೂಲೆಯಲ್ಲಿ ಕಸ ಉಳಿಯಿತು. ಅವರು ಮನೆಗೆ ಹೋದ ಮೇಲೆ ಉಪದೇಶಿ ಮತ್ತೊಮ್ಮೆ ಗುಡಿಸಿದ. ಯಾವ ವಾರ ಯಾರು ಓದುವುದು ಎಂದು ದೊಡ್ಡ ಹುಡುಗರು ಜಗಳವಾಡಿದರು. ಜಗಳವಾಡಿ, ಸರದಿ ಬರೆದು ಗೋಡೆಗೆ ಅಂಟಿಸಿದರು. ಅಂಟಿಸಿದ ಕಾಗದ ಸೊಟ್ಟಗಿತ್ತು. ಉಪದೇಶಿ ಅದನ್ನೂ ಸರಿಮಾಡಿದ.

ಅವನಿಗೆ ಆ ದಿನಗಳು ಸುಲಭವಾಗಿರಲಿಲ್ಲ. ತಪ್ಪು ಕಣ್ಣಿಗೆ ಕಾಣುತ್ತಿತ್ತು, ತಿದ್ದಲು ಬಾಯಿ ಇರಲಿಲ್ಲ. ಕೆಲಸ ಕಡಿಮೆಯಾಗಿದ್ದರೂ ದಣಿವು ಹೆಚ್ಚಾದಂತೆ ಕಾಣುತ್ತಿತ್ತು. ಒಂದೊಂದೇ ದಿನವನ್ನು ಎಣಿಸುತ್ತಿದ್ದ.

ಎರಡನೆಯ ತಿಂಗಳಲ್ಲಿ ಊರಿನ ಸೂಲಗಿತ್ತಿ ತೀರಿಕೊಂಡಳು. ಎಂಬತ್ತು ದಾಟಿದ ಮುದುಕಿ. ಸಭೆಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಸಭಾಪಾಲಕರಿಗೆ ಸುದ್ದಿ ಹೋಯಿತು. ಅವರು ದೂರದ ಊರಿಗೆ ಹೋಗಿದ್ದರು, ಸಂಜೆಗೆ ಸಮಾಧಿಯ ಹೊತ್ತಿಗೆ ಬರುತ್ತೇನೆಂದು ಹೇಳಿ ಕಳಿಸಿದರು. ಅಲ್ಲಿಯ ತನಕ ಮನೆಯಲ್ಲಿ ಪ್ರಾರ್ಥನೆ ಆಗಬೇಕು. ಮುದುಕಿಯ ಮಗಳು ಬೆಳಿಗ್ಗೆಯಿಂದ ಗೋಡೆಗೊರಗಿ ಕುಳಿತಿದ್ದಳು. ಅಳಲೂ ಇಲ್ಲ, ನೀರು ಕುಡಿಯಲೂ ಇಲ್ಲ. ನೆರೆಯವರು, ಹೀಗೇ ಬಿಟ್ಟರೆ ಇವಳಿಗೂ ಏನಾದರೂ ಆದೀತು ಎಂದು ಹೆದರಿದ್ದರು.

ಉಪದೇಶಿ ಕಾಗದದ ಮೇಲೆ ಪ್ರಾರ್ಥನೆ ಬರೆದ. ಇಪ್ಪತ್ತಾರು ವರ್ಷ ಸತ್ತವರ ಮನೆಗಳಲ್ಲಿ ಹೇಳಿದ್ದ ಪ್ರಾರ್ಥನೆ ಅದು. ಅದರಲ್ಲಿ ತಪ್ಪಿರಲಿಲ್ಲ. ಕಣ್ಣು ಕಾಣದ ಹಿರಿಯರಿಗೆ ಅದನ್ನು ಓದಲಾಗಲಿಲ್ಲ. ಇನ್ನೊಬ್ಬರು ಅಂಗಳದಲ್ಲೇ ನಿಂತರು. ಸಲೋಮಿ ಮತ್ತು ನಾಲ್ಕೈದು ಮಕ್ಕಳು ಅವನ ಹಿಂದೆಯೇ ಬಂದಿದ್ದರು. ಅವನು ಕಾಗದವನ್ನು ಅವಳ ಕೈಗೆ ಕೊಟ್ಟ. ಬೇರೆ ದಾರಿ ಇರಲಿಲ್ಲ.

ಸಲೋಮಿ ಕಾಗದ ನೋಡಿದಳು. ಮುದುಕಿಯ ಮುಖ ನೋಡಿದಳು. ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿದವಳು ಕಾಗದ ಓದುವುದಾದರೂ ಹೇಗೆ?

“ದೇವರೇ,” ಎಂದಳು, “ನಾವು ಹುಟ್ಟಿದಾಗ ನಮ್ಮನ್ನು ಮೊದಲು ಎತ್ತಿಕೊಂಡವಳು ಈ ಅಜ್ಜಿ. ನಾವು ಯಾರೂ ಅವಳಿಗೆ ಉಪಕಾರ ಅಂತ ಹೇಳಲಿಲ್ಲ. ಗಲಾಟೆ ಮಾಡಿದರೆ ಕಿವಿ ಹಿಂಡುತ್ತಿದ್ದಳು. ಒಂದು ಸಲ ಈ ಅಜ್ಜಿ ಸಾಯಬಾರದೇ ಅಂತ ನಾನು ಅಂದುಕೊಂಡಿದ್ದೆ. ನಾನು ನಿಜವಾಗಿ ಹಾಗೆ ಬೇಡಿಕೊಂಡದ್ದಲ್ಲ. ಅವಳಿಗೆ ಅದನ್ನು ಹೇಳು. ಈ ಅತ್ತೆಗೆ ಇನ್ನು ಮನೆಯಲ್ಲಿ ಯಾರೂ ಇಲ್ಲ. ನಾವು ಬರುತ್ತೇವೆ. ಆಮೆನ್.”

ಮಕ್ಕಳು ಆಮೆನ್ ಎಂದರು. ಗೋಡೆಗೊರಗಿದ್ದ ಮಗಳು ಆ ಹುಡುಗಿಯನ್ನು ಎಳೆದು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ನೆರೆಯವರ ಎದೆಯ ಭಾರ ಇಳಿಯಿತು. ಯಾರೋ ನೀರು ತಂದರು. ಅವಳು ಕುಡಿದಳು.

ಉಪದೇಶಿ ಬಾಗಿಲ ಬಳಿ ನಿಂತು ನೋಡಿದ. ಅವನ ಮನಸ್ಸಿಗೂ ಹಗುರವಾಯಿತು. ಅದರ ಹಿಂದೆಯೇ ಇನ್ನೊಂದು ಭಾವವೂ ಬಂದಿತು. ತನ್ನ ಪ್ರಾರ್ಥನೆ ಕೇಳಿ ಇಷ್ಟು ವರ್ಷದಲ್ಲಿ ಯಾರೂ ಹೀಗೆ ಅತ್ತಿರಲಿಲ್ಲ. ಆ ಎರಡನೆಯದಕ್ಕೆ ಅವನು ಹೆಸರಿಡಲಿಲ್ಲ. ಯಾರೂ ಓದದೆ ನೆಲದ ಮೇಲೆ ಉಳಿದಿದ್ದ ಕಾಗದವನ್ನು ಎತ್ತಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದ.

ಮಕ್ಕಳು ಹೇಳಿದ್ದನ್ನು ಮರೆಯಲಿಲ್ಲ. ಶಾಲೆ ಬಿಟ್ಟ ಮೇಲೆ ದಿನಕ್ಕೆ ಇಬ್ಬರಂತೆ ಆ ಮನೆಗೆ ಹೋಗಿ ಕುಳಿತು ಬರುತ್ತಿದ್ದರು. ಉಪದೇಶಿಗೆ ಇದು ತಿಳಿದದ್ದು ತಿಂಗಳಾದ ಮೇಲೆ.

ಮೂರು ತಿಂಗಳು ಮುಗಿಯಿತು. ಡಾಕ್ಟರು ಗಂಟಲು ನೋಡಿ, “ಇನ್ನು ಮಾತಾಡಿ” ಎಂದರು. ಉಪದೇಶಿ ಮಾತಾಡಿದ. ದನಿ ಬಂದಿತ್ತು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ತಗ್ಗಿದ ದನಿಯಲ್ಲಿ ಹಾಡು ಗುನುಗುತ್ತಾ ಬಂದ. ಇಷ್ಟು ಸಂತೋಷ ಅವನಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಆ ಭಾನುವಾರ ಅವನು ಎಲ್ಲರಿಗಿಂತ ಮೊದಲು ದೇವಾಲಯಕ್ಕೆ ಹೋದ. ಮೂಲೆಮೂಲೆ ಗುಡಿಸಿದ. ಚಾಪೆಗಳನ್ನು ನೇರವಾಗಿ ಹಾಸಿದ. ಸರಿಯಾಗಿ ಎಷ್ಟು ಹೊಡೆಯಬೇಕೋ ಅಷ್ಟೇ ಗಂಟೆ ಹೊಡೆದ. ಚಿಕ್ಕ ಹುಡುಗ ಓಡುತ್ತಾ ಬಂದಾಗ ಗಂಟೆ ಮುಗಿದಿತ್ತು. ಅವನು ಹಗ್ಗದ ಬಳಿ ನಿಂತು ಅದನ್ನೇ ನೋಡಿದ. ಆಮೇಲೆ ಒಳಗೆ ಬಂದ.

ಆರಾಧನೆ ಶುರುವಾಗುವ ಮೊದಲು ಉಪದೇಶಿ ಮಕ್ಕಳನ್ನು ಮುಂದೆ ಕರೆದ. ಒಬ್ಬೊಬ್ಬರಿಗೂ ಒಂದು ಪೆನ್ನು, ಒಂದು ನೋಟುಬುಕ್ಕು ಕೊಟ್ಟ. ಸಭೆಯವರು ಚಪ್ಪಾಳೆ ತಟ್ಟಿದರು.

“ಮಕ್ಕಳೇ,” ಎಂದ, “ನೀವು ಬಹಳ ಕಷ್ಟಪಟ್ಟಿರಿ. ದೇವರು ನನಗೆ ದನಿಯನ್ನು ಮರಳಿ ಕೊಟ್ಟಿದ್ದಾನೆ. ಇನ್ನು ಈ ಭಾರ ನಿಮಗೆ ಬೇಡ. ಆರಾಮವಾಗಿ ಕುಳಿತುಕೊಳ್ಳಿ.”

ಅವನು ಪ್ರೀತಿಯಿಂದಲೇ ಹೇಳಿದ್ದು. ಮಕ್ಕಳು ಹೋಗಿ ಹಿಂದಿನ ಚಾಪೆಯಲ್ಲಿ ಕುಳಿತರು. ಆ ವಾರದ ಸರದಿ ಇದ್ದ ಹುಡುಗ ಪಾಠವನ್ನು ಮನೆಯಲ್ಲಿ ಹತ್ತು ಸಲ ಓದಿಕೊಂಡು ಬಂದಿದ್ದ. ಅವನು ಅದನ್ನು ಯಾರಿಗೂ ಹೇಳಲಿಲ್ಲ.

ಆರಾಧನೆ ಸರಾಗವಾಗಿ ನಡೆಯಿತು. ಹಾಡು ಎಲ್ಲರ ಗಂಟಲಿಗೂ ಸರಿಹೊಂದುವ ಶ್ರುತಿಯಲ್ಲಿತ್ತು. ಪಾಠದಲ್ಲಿ ಒಂದಕ್ಷರ ತಪ್ಪಲಿಲ್ಲ. ಹಿರಿಯರು ಕೈ ಕುಲುಕಿ, “ಈಗ ಸಭೆ ಸಭೆಯಂತಾಯಿತು” ಎಂದರು. ಉಪದೇಶಿ ತೃಪ್ತನಾಗಿ ಮನೆಗೆ ಹೋಗಿ ಊಟ ಮಾಡಿ ಮಲಗಿದ.

ಮುಂದಿನ ತಿಂಗಳು ಹಿಂದಿನ ಚಾಪೆಯಲ್ಲಿ ಐವರು ಕಡಿಮೆಯಾದರು. ಪರೀಕ್ಷೆ ಇರಬೇಕು ಎಂದುಕೊಂಡ. ಪರೀಕ್ಷೆ ಮುಗಿಯಿತು. ಇನ್ನೂ ಮೂವರು ಕಡಿಮೆಯಾದರು. ಟ್ಯೂಷನ್ ಎಂದುಕೊಂಡ, ಮೊಬೈಲು ಎಂದುಕೊಂಡ, ಕಾಲವೇ ಕೆಟ್ಟಿದೆ ಎಂದುಕೊಂಡ. ಪ್ರಸಂಗದಲ್ಲಿ ತಂದೆತಾಯಿಗಳಿಗೆ ಬುದ್ಧಿ ಹೇಳಿದ. ಬುದ್ಧಿ ಹೇಳಿದ ವಾರ ಕೆಲವರು ಮಕ್ಕಳನ್ನು ಕೈಹಿಡಿದು ಎಳೆದುಕೊಂಡು ಬಂದರು. ಮಕ್ಕಳು ಕುಳಿತರು. ಕಣ್ಣು ಮಾತ್ರ ಬಾಗಿಲ ಕಡೆ ಇತ್ತು. ಅವನು ಕ್ಯಾರಂ ಬೋರ್ಡು ತಂದಿಟ್ಟ. ಹುಡುಗರು ಬಂದು ಆಡಿದರು, ಆಟ ಮುಗಿಸಿ ಪ್ರಾರ್ಥನೆಗೆ ಮುಂಚೆಯೇ ಎದ್ದು ಹೋದರು. ಗೋಡೆಯ ಮೇಲಿದ್ದ ಸರದಿಯ ಕಾಗದ ಸುಣ್ಣ ಬಳಿಯುವಾಗ ಹೋಯಿತು.

ಹೀಗೆ ಮೂರು ವರ್ಷ ಕಳೆಯಿತು. ಒಂದು ದಿನ ಉಪದೇಶಿ ಅಂಗಿಯ ತೋಳು ಹರಿದದ್ದನ್ನು ಹೊಲಿಸಲು ಟೇಲರ್ ಅಂಗಡಿಗೆ ಹೋದ. ಅಲ್ಲಿ ಮಿಷನ್ನಿನ ಮುಂದೆ ಸಲೋಮಿ ಕುಳಿತಿದ್ದಳು. ಹದಿನೇಳು ತುಂಬಿತ್ತು. ಕೆಲಸ ಕಲಿತು ಆಗಲೇ ಇಬ್ಬರು ಚಿಕ್ಕ ಹುಡುಗಿಯರಿಗೆ ಹೇಳಿಕೊಡುತ್ತಿದ್ದಳು. ಅವನನ್ನು ಕಂಡು ಎದ್ದು ನಿಂತಳು, ಸ್ಟೂಲು ಎಳೆದುಕೊಟ್ಟಳು, ತಾನೇ ಅಂಗಿ ತೆಗೆದುಕೊಂಡು ಹೊಲಿಯಲು ಕುಳಿತಳು. “ಗಂಟಲು ಹೇಗಿದೆ ಉಪದೇಶಿಗಳೇ? ಬಿಸಿ ಚಹಾ ತರಿಸುತ್ತೇನೆ, ನಿಮಗೆ ಒಳ್ಳೆಯದು” ಎಂದಳು.

ಅವಳ ಮಾತಿನಲ್ಲಿ ಹಗೆ ಇರಲಿಲ್ಲ. ಅದರಿಂದಲೇ ಅವನಿಗೆ ಕೇಳುವ ಧೈರ್ಯ ಬಂದಿತು.

“ಯಾಕಮ್ಮ ಸಲೋಮಿ, ದೇವಾಲಯದ ಕಡೆ ಬರುವುದೇ ಇಲ್ಲ? ನನ್ನ ಮೇಲೆ ಕೋಪವೇ?”

ಸಲೋಮಿಗೆ ಆಶ್ಚರ್ಯವಾಯಿತು. “ನಿಮ್ಮ ಮೇಲೆ ಯಾಕೆ ಕೋಪ? ನೀವು ಗುಣವಾದಿರಲ್ಲ. ಆಮೇಲೆ ನಮಗೆ ಅಲ್ಲಿ ಏನೂ ಕೆಲಸ ಇರಲಿಲ್ಲ. ಅಷ್ಟೇ.”

ಹೇಳಿ, ದಾರ ಕತ್ತರಿಸಿ ಅಂಗಿ ಕೊಟ್ಟಳು. ಪಕ್ಕದ ಹುಡುಗಿ ಏನೋ ತಪ್ಪು ಹೊಲಿದಿದ್ದಳು. ಸಲೋಮಿ ಅದನ್ನು ನೋಡಿದಳು. ತಾನು ಬಿಚ್ಚಲಿಲ್ಲ. “ನೀನೇ ಬಿಚ್ಚಿ ಮತ್ತೆ ಹಾಕು” ಎಂದು ಅವಳ ಕೈಗೇ ಬಟ್ಟೆ ಕೊಟ್ಟಳು.

ಉಪದೇಶಿ ಚಹಾ ಕುಡಿಯದೆ ಹೊರಟ. ಮನೆಯಲ್ಲಿ ಹೆಂಡತಿ, “ಯಾಕೆ, ಮೈಗೆ ಸರಿಯಿಲ್ಲವೇ?” ಎಂದು ಕೇಳಿದಳು. ಆಯಾಸ ಎಂದ. ಅದು ಸುಳ್ಳೂ ಆಗಿರಲಿಲ್ಲ.

ಆ ವಾರವೆಲ್ಲ ಅವನು ಯೋಚಿಸಿದ. ಭಾನುವಾರ ದೇವಾಲಯಕ್ಕೆ ಹೋಗಿ ಬಾಗಿಲು ತೆಗೆದ. ಗುಡಿಸಲಿಲ್ಲ. ಚಾಪೆ ಹಾಸಲಿಲ್ಲ. ಗಂಟೆಯ ಹಗ್ಗದ ಪಕ್ಕ ನಿಂತು ದಾರಿ ನೋಡಿದ. ಯಾವುದಾದರೂ ಒಂದು ಮಗು ಬರಲಿ, ಹಗ್ಗವನ್ನು ಕೈಗೆ ಕೊಡೋಣ ಎಂದು ಕಾದ. ಗಂಟೆಯ ಹೊತ್ತು ಮೀರಿತು. ಇಬ್ಬರು ಮುದುಕಿಯರು ಕೋಲೂರಿಕೊಂಡು ಬಂದರು. ಒಬ್ಬಳು, “ಯಾಕೆ ಉಪದೇಶಿ, ಇವತ್ತು ಗಂಟೆ ಇಲ್ಲವೇ?” ಎಂದು ಕೇಳಿದಳು.

ಅವನು ಗಂಟೆ ಹೊಡೆದ.

ಇನ್ನೂ ಆರು ವರ್ಷ ಅವನೇ ಹೊಡೆದ. ಆಮೇಲೆ ಕೈಲಾಗದೆ ಬಿಟ್ಟ. ಈಗ ಆ ದೇವಾಲಯವನ್ನು ಸಭಾಪಾಲಕರು ಬರುವ ಭಾನುವಾರ ಮಾತ್ರ ತೆಗೆಯುತ್ತಾರೆ.

ಸೀಮೋನಪ್ಪನವರು ಕತೆ ನಿಲ್ಲಿಸಿದರು. ಜಯವಂತನ ಮುಖದಲ್ಲಿ ಸ್ವಲ್ಪ ಕಳೆ ಬಂದಿತು. ಜೇಬಿನಿಂದ ಸಣ್ಣ ಪುಸ್ತಕ ತೆಗೆದ.

“ತಿಳಿಯಿತು ಅಯ್ಯನವರೇ. ಅವರಿಗೆ ಕೆಲಸ ಕೊಡಬೇಕು. ಚಪ್ಪಲಿ ಜೋಡಿಸುವುದು, ಹೂ ಇಡುವುದು, ಹಾಡಿನ ಪುಸ್ತಕ ಹಂಚುವುದು, ಇವನ್ನೆಲ್ಲ ಬರೆದುಕೊಳ್ಳುತ್ತೇನೆ. ಯಾವುದರಿಂದ ಶುರುಮಾಡಲಿ?”

“ಯಾವುದನ್ನು ಬಿಟ್ಟುಕೊಡಲು ನಿನಗೆ ಮನಸ್ಸು ಬರುವುದಿಲ್ಲವೋ ಅದರಿಂದ” ಎಂದರು ಸೀಮೋನಪ್ಪನವರು.

ಜಯವಂತನಿಗೆ ಮೊದಲು ನೆನಪಾದದ್ದು ತನ್ನ ಭಾನುವಾರದ ಪ್ರಸಂಗ. ಅವನು ಏನನ್ನೂ ಬರೆದುಕೊಳ್ಳಲಿಲ್ಲ.